ಹಮ್ಮುರಾಬಿಗೆ ಎರಡು ಇಸವಿ ಏಕೆ?
ಪ್ರಾಚೀನ ಬ್ಯಾಬಿಲೋನಿನ ದೊರೆ ಹಮ್ಮುರಾಬಿಗೆ ಎರಡು ಪುಸ್ತಕಗಳು ಎರಡು ಇಸವಿ ಕೊಟ್ಟರೆ ಟಿಪ್ಪಣಿಯಲ್ಲಿ ಯಾವುದನ್ನು ಬರೆಯಬೇಕು? ಇದು ಬಹುಶಃ ಅಚ್ಚಿನ ತಪ್ಪಲ್ಲ. ಹಮ್ಮುರಾಬಿಯ ಆಳ್ವಿಕೆಗೆ ಕ್ರಿ.ಪೂ. 1792–1750 ಎನ್ನುವ ಪುಸ್ತಕವೂ 1728–1686 ಎನ್ನುವ ಪುಸ್ತಕವೂ ಬೇರೆ ಬೇರೆ ಕಾಲಗಣನೆಯನ್ನು ಹಿಡಿದಿವೆ. ಹಮ್ಮುರಾಬಿಯ ವಂಶದಲ್ಲೇ ಮುಂದೆ ಬಂದ ಅಮ್ಮಿಸದುಕ ದೊರೆಯ ಕಾಲದ ಶುಕ್ರನ ಉದಯಾಸ್ತಗಳನ್ನು ಬರೆದಿಟ್ಟ ಜೇಡಿಮಣ್ಣಿನ ಫಲಕವೇ ಇದರ ಮುಖ್ಯ ಆಧಾರ. ಶುಕ್ರನ ಅದೇ ಚಲನೆ ಸುಮಾರು 56 ಅಥವಾ 64 ವರ್ಷಗಳಲ್ಲಿ ಮರುಕಳಿಸುವುದರಿಂದ ಲೆಕ್ಕ ಒಂದಕ್ಕಿಂತ ಹೆಚ್ಚು ಇಸವಿಗೆ ಕೂಡಿಬರುತ್ತದೆ.

ಮೊದಲು ಎರಡೂ ಪುಸ್ತಕಗಳಲ್ಲಿ ಹಿಟ್ಟೈಟರು (ಈಗಿನ ಟರ್ಕಿಯ ಪ್ರಾಚೀನ ಜನ) ಬ್ಯಾಬಿಲೋನನ್ನು ಸೂರೆ ಮಾಡಿದ ವರ್ಷ ನೋಡಿ. 1595 ಇದ್ದರೆ ಮಧ್ಯಮ ಗಣನೆ, 1531 ಇದ್ದರೆ ಹ್ರಸ್ವ ಗಣನೆ. ಆಮೇಲೆ ಹ್ರಸ್ವ ಗಣನೆಯಲ್ಲಿ ಈ ಸೂರೆಯವರೆಗಿನ ಬ್ಯಾಬಿಲೋನ್ ಇಸವಿಗಳಿಗೆ 64 ಕೂಡಿಸಿ, ಮಧ್ಯಮ ಗಣನೆಯ ಇಸವಿ ಸಿಗುತ್ತದೆ. ಅದೇ ಪುಸ್ತಕದಲ್ಲಿ ಈಜಿಪ್ಟಿನ ಇಸವಿಗಳಿದ್ದರೆ ಅವನ್ನು ಮಾತ್ರ ಮುಟ್ಟಬೇಡಿ, ಅವು ಈ ಲೆಕ್ಕಕ್ಕೆ ಸೇರಿಲ್ಲ. ವಿದ್ವಾಂಸರ ವಾದ ಇನ್ನೂ ಮುಗಿದಿಲ್ಲ, ಆದರೆ ಹಮ್ಮುರಾಬಿ 43 ವರ್ಷ ಆಳಿದ ಎಂಬುದು ಎರಡರಲ್ಲೂ ಒಂದೇ. ಟಿಪ್ಪಣಿಯ ತಲೆಯಲ್ಲಿ ‘ಮಧ್ಯಮ ಗಣನೆ’ ಎಂದು ಬರೆದು 1792ನ್ನೇ ಇಟ್ಟುಕೊಳ್ಳಿ.