ಸಮೀಪದ ಮತ್ತು ದೂರದ ಗೆಲಾಕ್ಸಿಗಳನ್ನು ಹೋಲಿಸುವ ಮುನ್ನ

ನಮಸ್ಕಾರ. ಸೂರ್ಯನ 10,000 ಕೋಟಿ ಪಟ್ಟು ನಕ್ಷತ್ರರಾಶಿ (ನಕ್ಷತ್ರಗಳ ಒಟ್ಟು ದ್ರವ್ಯರಾಶಿ) ಇರುವ ಒಂದು ಸಮೀಪದ ಗೆಲಾಕ್ಸಿಯನ್ನೂ, ಸುಮಾರು 1,000 ಕೋಟಿ ವರ್ಷ ಹಿಂದಿನ ಬೆಳಕಿನಲ್ಲಿ ಕಾಣುವ, ಅಷ್ಟೇ ದ್ರವ್ಯರಾಶಿಯ ಇನ್ನೊಂದನ್ನೂ ಅಕ್ಕಪಕ್ಕದಲ್ಲಿಟ್ಟು, ಎರಡನೆಯದನ್ನು ಮೊದಲನೆಯದರ ಬಾಲ್ಯವೆಂದು ಕರೆಯಬಹುದೇ ಎಂದು ತಾವು ಕೇಳಿದ್ದೀರಿ. ಹಾಗೆ ಕರೆಯಲಾಗದು. ಇಂದು ಇಪ್ಪತ್ತಡಿ ಇರುವ ತೆಂಗಿನ ಮರದ ಎಳವೆಯನ್ನು ತಿಳಿಯಲೆಂದು ಹಳೆಯ ತೋಟದ ಚಿತ್ರದಲ್ಲಿ ಇಪ್ಪತ್ತಡಿಯ ಮರವನ್ನೇ ಹುಡುಕಿದರೆ, ಸಿಗುವುದು ಅದಕ್ಕಿಂತ ಹಿರಿಯ ಮರ. ನಾವು ಹುಡುಕಬೇಕಾದದ್ದು ಅಂದಿನ ಸಸಿಯನ್ನು.

ಆ ಸಸಿಯನ್ನು ಗುರುತಿಸಲು ಖಗೋಳಜ್ಞರು ಬಳಸುವ ಒಂದು ವಿಧಾನವು ಸರಳವಾಗಿದೆ. ವಿಶ್ವದೊಂದಿಗೇ ಹಿಗ್ಗುವ ಒಂದು ನಿಗದಿತ ಘನಗಾತ್ರದೊಳಗಿನ ಗೆಲಾಕ್ಸಿಗಳನ್ನು ಭಾರದ ಇಳಿಕೆಯ ಕ್ರಮದಲ್ಲಿ ಜೋಡಿಸಿ, ಇಂದು ನೂರನೆಯ ಸ್ಥಾನದಲ್ಲಿರುವುದನ್ನು ಅಂದು ನೂರನೆಯ ಸ್ಥಾನದಲ್ಲಿದ್ದುದರೊಡನೆ ಹೋಲಿಸುತ್ತಾರೆ. ಗೆಲಾಕ್ಸಿಗಳು ಒಂದರೊಳಗೊಂದು ವಿಲೀನವಾದಾಗ ಈ ಕ್ರಮ ಕದಡುವುದರಿಂದ, ಉತ್ತರವು ಸರಾಸರಿಗೆ ಮಾತ್ರ ಸಲ್ಲುತ್ತದೆ, ಯಾವುದೇ ಒಂದು ಗೆಲಾಕ್ಸಿಗೆ ಅಲ್ಲ.

ಖಗೋಳಜ್ಞ ಪೀಟರ್ ವ್ಯಾನ್ ಡೊಕುಮ್ ಮತ್ತು ಸಂಗಡಿಗರು ಇದೇ ವಿಧಾನದಿಂದ 2010ರಲ್ಲಿ ಕಂಡುಕೊಂಡಂತೆ, ಅತಿಭಾರದ ಗೆಲಾಕ್ಸಿಗಳು ಕೆಂಪುಪಲ್ಲಟ 2ರ ಕಾಲದಿಂದ ಈಚೆಗೆ (ವಿಶ್ವ ಹಿಗ್ಗುವುದರಿಂದ ಬೆಳಕಿನ ಅಲೆ ಎಷ್ಟು ಉದ್ದವಾಗಿದೆ ಎಂಬ ಅಳತೆಯೇ ಕೆಂಪುಪಲ್ಲಟ; ಅದು 2 ಎಂದರೆ ಸುಮಾರು 1,000 ಕೋಟಿ ವರ್ಷ ಹಿಂದೆ, ಹೆಚ್ಚಿದಷ್ಟೂ ಇನ್ನೂ ಹಿಂದೆ) ದ್ರವ್ಯರಾಶಿಯಲ್ಲಿ ಕೇವಲ ಎರಡು ಪಟ್ಟಾಗಿವೆ. ಆ ಬೆಳವಣಿಗೆಯೂ ಬಹುಪಾಲು ಹೊರವಲಯದಲ್ಲಿ, ಚಿಕ್ಕ ಗೆಲಾಕ್ಸಿಗಳನ್ನು ಸೇರಿಸಿಕೊಳ್ಳುತ್ತ ನಡೆದಿದೆ. ನಮ್ಮ ಆಕಾಶಗಂಗೆಯಂಥವುಗಳ ಕಥೆ ಬೇರೆ. ಅವುಗಳ ನಕ್ಷತ್ರರಾಶಿಯ ಸುಮಾರು ಶೇಕಡ 90 ಭಾಗ ಕೆಂಪುಪಲ್ಲಟ 2.5ರ ನಂತರ ಕೂಡಿಕೊಂಡಿದೆ ಎಂದು 2013ರಲ್ಲಿ ಅವರೇ ತೋರಿಸಿದರು.

ಇಷ್ಟು ವೇಗದ ಬೆಳವಣಿಗೆಗೆ ನಕ್ಷತ್ರಗಳ ಕಚ್ಚಾವಸ್ತುವಾದ ಅನಿಲ ಎಲ್ಲಿಂದ ಬಂತು ಎಂಬುದು ನನಗೆ ಇಡೀ ವಿಷಯದಲ್ಲಿ ಅತ್ಯಂತ ಪ್ರಿಯವಾದ ಪ್ರಶ್ನೆ. ಪುಣೆಯ ಉತ್ತರಕ್ಕಿರುವ ದೈತ್ಯ ಮೀಟರ್‌ವೇವ್ ರೇಡಿಯೊ ದೂರದರ್ಶಕದಿಂದ 7,653 ಗೆಲಾಕ್ಸಿಗಳ ಕ್ಷೀಣ ಸಂಕೇತಗಳನ್ನು ಒಟ್ಟುಗೂಡಿಸಿ, ಸುಮಾರು 800 ಕೋಟಿ ವರ್ಷ ಹಿಂದಿನ ಪರಮಾಣು ಜಲಜನಕವನ್ನು ಅಳೆದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಆ ತಂಡದಲ್ಲಿದ್ದರು. ಹೊರಗಿನಿಂದ ಹೊಸ ಅನಿಲ ಬಾರದಿದ್ದರೆ, ಅಂದಿನ ನಕ್ಷತ್ರಸೃಷ್ಟಿಯ ವೇಗಕ್ಕೆ ಆ ಜಲಜನಕವು 100ರಿಂದ 200 ಕೋಟಿ ವರ್ಷಗಳಲ್ಲಿ ಮುಗಿದುಹೋಗುತ್ತಿತ್ತು. ಸಮೀಪದ ಗೆಲಾಕ್ಸಿಗಳಲ್ಲಿ ಅದು ಹಲವು ಪಟ್ಟು ಹೆಚ್ಚು ಕಾಲ ಬಾಳುತ್ತದೆ.

ತಾವೇ ಈ ಹೋಲಿಕೆಯನ್ನು ಮಾಡುವುದಾದರೆ, ಸಮೀಪದವಕ್ಕೆ ಸ್ಲೋನ್ ಆಕಾಶ ಸಮೀಕ್ಷೆಯ ಮತ್ತು ದೂರದವಕ್ಕೆ ಕಾಸ್ಮಾಸ್ ಆಕಾಶ ಸಮೀಕ್ಷೆಯ ಗೆಲಾಕ್ಸಿ ಪಟ್ಟಿಗಳು ಮುಕ್ತವಾಗಿ ದೊರೆಯುತ್ತವೆ. ಎರಡರಲ್ಲೂ ದ್ರವ್ಯರಾಶಿಯನ್ನು ಬೆಳಕಿನಿಂದಲೇ ಅಂದಾಜಿಸಿರುವುದರಿಂದ, ಚಿಕ್ಕ ಮತ್ತು ದೊಡ್ಡ ನಕ್ಷತ್ರಗಳ ಪ್ರಮಾಣದ ಬಗೆಗಿನ ಊಹೆ ಎರಡಕ್ಕೂ ಒಂದೇ ಆಗಿದೆಯೇ ಎಂದು ಮೊದಲು ನೋಡಿಕೊಳ್ಳಿ. ಚಿತ್ರಗಳನ್ನು ಹೋಲಿಸುವಾಗ, ಕೆಂಪುಪಲ್ಲಟ 2ರಲ್ಲಿ ಮೇಲ್ಮೈ ಪ್ರಕಾಶವು (ಆಕಾಶದ ಒಂದೊಂದು ತುಣುಕಿನಿಂದ ಬರುವ ಬೆಳಕು) 81 ಪಟ್ಟು ಮಸುಕಾಗುವುದನ್ನು ಮರೆಯಬೇಡಿ. ಹೊರವಲಯ ಕಾಣಲಿಲ್ಲವೆಂದ ಮಾತ್ರಕ್ಕೆ ಅದು ಅಲ್ಲಿರಲಿಲ್ಲವೆಂದಲ್ಲ. ದೂರದ್ದಕ್ಕೆ ಅವಕೆಂಪು ಚಿತ್ರವನ್ನೇ ಆರಿಸಿಕೊಳ್ಳಿ, ಏಕೆಂದರೆ ಅದರ ಹಳೆಯ ನಕ್ಷತ್ರಗಳ ಗೋಚರ ಬೆಳಕು ನಮ್ಮನ್ನು ತಲಪುವಷ್ಟರಲ್ಲಿ ಅವಕೆಂಪಾಗಿರುತ್ತದೆ.