ಕಾಸರಗೋಡಿನಿಂದ: ನಿಮ್ಮ ಅಕ್ಕನ ಡಿಗ್ರಿಯ ವಿಷಯ

ನಿಮ್ಮ ಅಕ್ಕ ಮದುವೆಯಾಗಿ ನಮ್ಮ ಕಾಸರಗೋಡಿನ ಬದಿಯಡ್ಕಕ್ಕೆ ಬಂದು ಹನ್ನೊಂದು ವರ್ಷವಾಯಿತು, ತುಮಕೂರಿನಲ್ಲಿ ಎರಡನೇ ವರ್ಷಕ್ಕೆ ನಿಂತ ಬಿ.ಎ.ಯನ್ನು ಈಗ 34ನೇ ವಯಸ್ಸಿನಲ್ಲಿ ಮುಗಿಸಬೇಕೆಂದಿದ್ದಾರೆ, ಮುಗಿಸಿದರೆ ಕೇರಳದಲ್ಲಿ ಕನ್ನಡದವರಿಗೆ ಕೆಲಸ ಸಿಕ್ಕೀತಾ ಎಂದು ಕೇಳಿದ್ದೀರಿ. ಸಿಕ್ಕೀತು. ಓದಲಿ, ಖಂಡಿತ ಓದಲಿ. ಆದರೆ ಕೆಲಸಕ್ಕೆ ಅರ್ಜಿ ಹಾಕುವುದನ್ನು ಡಿಗ್ರಿ ಮುಗಿದ ಮೇಲೆ ಎಂದು ಮುಂದೂಡಬಾರದು. ನಾನು ಹಾಗೆ ಮುಂದೂಡಿ ಕಳೆದುಕೊಂಡವಳು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಊರಿನ ಕತೆ ಸ್ವಲ್ಪ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಅಲ್ಲಿಂದೀಚೆಗೆ ಕೇರಳ. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಅದು ಜಾರಿಗೆ ಬರಲಿಲ್ಲ. ನಮ್ಮ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ನಿಮ್ಮ ಅಕ್ಕನಿಗೆ ಇದು ಈಗ ಅಭ್ಯಾಸವಾಗಿರುತ್ತದೆ. ಕೆಲಸದ ಮಟ್ಟಿಗೆ ತಿಳಿದಿರಬೇಕಾದದ್ದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ. ಇಲ್ಲಿನ ಕನ್ನಡಿಗರು ಸರಕಾರಿ ಕಚೇರಿಗೆ ಕನ್ನಡದಲ್ಲೇ ಅರ್ಜಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು ಎನ್ನುತ್ತದೆ ಅದು. ಕನ್ನಡದಲ್ಲಿ ಉತ್ತರ ಬರೆಯಬೇಕಾದರೆ ಕಚೇರಿಯಲ್ಲಿ ಕನ್ನಡ ಓದಬಲ್ಲ ಒಬ್ಬರು ಇರಬೇಕಲ್ಲ? ಅದಕ್ಕೇ ಸರಕಾರಿ ಕೆಲಸಕ್ಕೆ ಆಯ್ಕೆ ಮಾಡುವ ಕೇರಳ ಪಿ.ಎಸ್.ಸಿ.ಯವರು (ಲೋಕಸೇವಾ ಆಯೋಗ) ಈ ಜಿಲ್ಲೆಗೆ ‘ಕನ್ನಡ ಮತ್ತು ಮಲಯಾಳ ಬಲ್ಲ ಎಲ್.ಡಿ. ಕ್ಲಾರ್ಕ್’ ಎಂಬ ಕೆಳದರ್ಜೆ ಗುಮಾಸ್ತರ ಹುದ್ದೆ ಬೇರೆಯೇ ಕರೆಯುತ್ತಾರೆ. ಕನ್ನಡ ಮಾಧ್ಯಮ ಶಾಲೆಗಳಿಗೆ ಅಧ್ಯಾಪಕರನ್ನೂ ಹಾಗೆಯೇ ಪ್ರತ್ಯೇಕ ಕರೆಯುತ್ತಾರೆ.

ಈಗ ನನ್ನ ಕತೆ. ಹತ್ತನೇ ಕ್ಲಾಸು ಕನ್ನಡ ಮಾಧ್ಯಮದಲ್ಲಿ 1998ರಲ್ಲಿ ಪಾಸಾಯಿತು. ಆಮೇಲೆ ಬೀಡಿ. ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ ನೂಲು ಬಿಗಿದು, ಸಂಜೆ ಬ್ರಾಂಚಿಗೆ ಕೊಟ್ಟು ಬರುವುದು. ಮದುವೆಯಾದ ಮೇಲೂ ಅದೇ ಕೆಲಸ, ಮಗಳು ಹುಟ್ಟಿದ ಮೇಲೂ ಅದೇ. ಮಗಳು ಐದನೇ ಕ್ಲಾಸಿಗೆ ಹೋಗುವಾಗ ಪಂಚಾಯತಿನ ಪ್ರೇರಕ್ (ಸಾಕ್ಷರತಾ ಕೆಲಸದವರು) ಒಬ್ಬರು ಮನೆಗೆ ಬಂದು, ಸಾಕ್ಷರತಾ ಮಿಷನ್ನಿನ ಹೈಯರ್ ಸೆಕೆಂಡರಿ ತುಲ್ಯತಾ (ಪಿ.ಯು.ಸಿ.ಗೆ ಸಮಾನವಾದ) ತರಗತಿಗೆ ಸೇರಿ ಅಕ್ಕಾ ಎಂದರು. ಭಾನುವಾರ ಮಾತ್ರ ಕ್ಲಾಸು. ನಮ್ಮ ಬೆಂಚಿನಲ್ಲಿ ಒಬ್ಬರು ಆಟೋ ಓಡಿಸುವವರು, ಒಬ್ಬರು ಮೊಮ್ಮಗುವನ್ನು ಜೊತೆಗೆ ಕರೆತರುತ್ತಿದ್ದ ಅಜ್ಜಿ. ಎರಡು ವರ್ಷ ಅಲ್ಲಿ ಕೂತೆ. 2019ರಲ್ಲಿ ಪಾಸು. ಅದೇ ವರ್ಷ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಬಿ.ಎ.ಗೆ ಸೇರಿದೆ. ಮಂಗಳೂರಿನಲ್ಲಿ ಅವರ ಪ್ರಾದೇಶಿಕ ಕೇಂದ್ರ ಇದೆ, ಕಾಸರಗೋಡು ಪೇಟೆಯಿಂದ ಐವತ್ತು ಕಿಲೋಮೀಟರು. ಕನ್ನಡದಲ್ಲೇ ಬರೆಯಬಹುದು ಎಂಬ ಒಂದೇ ಆಸೆಗೆ ಹೋದದ್ದು.

ಮರು ವರ್ಷ ಮಾರ್ಚಿನಲ್ಲಿ ಕೊರೋನಾ ಬಂತು, ತಲಪಾಡಿಯಲ್ಲಿ ಗಡಿ ಮುಚ್ಚಿದರು. ಒಳದಾರಿಗಳಿಗೂ ಲಾರಿಯಲ್ಲಿ ಮಣ್ಣು ತಂದು ಸುರಿದರು. ಡಯಾಲಿಸಿಸಿಗೆ ಮಂಗಳೂರಿಗೆ ಹೋಗುತ್ತಿದ್ದವರನ್ನೇ ಬಿಡದ ದಿನಗಳವು, ನನ್ನ ಓದು ಯಾವ ಲೆಕ್ಕ. 2021ರಲ್ಲಿ ಗಡಿ ತೆರೆದಿತ್ತು, ಆದರೆ ಆರ್‌ಟಿಪಿಸಿಆರ್ ನೆಗೆಟಿವ್ ಕಾಗದ ತೋರಿಸಬೇಕಿತ್ತು. ಆ ಕಾಗದಕ್ಕೆ 72 ಗಂಟೆ ಆಯುಸ್ಸು. ನನ್ನ ಪರೀಕ್ಷೆ ಎರಡು ವಾರದಲ್ಲಿ ಹರಡಿಕೊಂಡಿತ್ತು. ಮೂಗಿಗೆ ಕಡ್ಡಿ ಹಾಕಿಸಿಕೊಂಡು, ರಿಪೋರ್ಟು ಮೊಬೈಲಿಗೆ ಬರುವವರೆಗೆ ನಿದ್ದೆಯಿಲ್ಲದೆ ಕೂತು, ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟು ತಲಪಾಡಿಯವರೆಗೆ ಒಂದು ಬಸ್ಸು, ಗೇಟು ನಡೆದು ದಾಟಿ ಆಚೆಯಿಂದ ಇನ್ನೊಂದು ಬಸ್ಸು. ಪರೀಕ್ಷೆ ಬರೆದು ವಾಪಸು ಬರುವಾಗ ಪೋಲೀಸಿನವರೊಬ್ಬರು ನನ್ನ ಹಾಲ್ ಟಿಕೆಟ್ ನೋಡಿ, “ಮಗಳದ್ದಾ ಅಮ್ಮಾ?” ಎಂದರು. ನನ್ನದೇ ಎಂದೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟರು. ಆ ಮೂರು ವರ್ಷದಲ್ಲಿ ನನಗೆ ಸಿಕ್ಕಿದ ಅತ್ಯಂತ ದೊಡ್ಡ ಮರ್ಯಾದೆ ಅದು.

2022ರಲ್ಲಿ ಡಿಗ್ರಿ ಕೈಗೆ ಬಂತು. ಆವತ್ತೇ ಸರಕಾರಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ ಪಿ.ಎಸ್.ಸಿ.ಯ ‘ತುಳಸಿ’ ವೆಬ್‌ಸೈಟಿನಲ್ಲಿ ಒನ್ ಟೈಮ್ ರಿಜಿಸ್ಟ್ರೇಶನ್ ಮಾಡಿಸಿದೆ. ಕ್ಲಾರ್ಕ್ ಹುದ್ದೆಯ ವಿಜ್ಞಾಪನೆ ಬಂದಾಗ ಓದಿ ನೋಡುತ್ತೇನೆ: ಬೇಕಾದ ಅರ್ಹತೆ ಎಸ್.ಎಸ್.ಎಲ್.ಸಿ.! ನನ್ನ ಹತ್ತಿರ 1998ರಿಂದಲೂ ಇದ್ದ ಕಾಗದ ಅದು. ವಯಸ್ಸು 18ರಿಂದ 36, ನಮ್ಮಂಥ ಹಿಂದುಳಿದ ವರ್ಗದವರಿಗೆ ಮೂರು ವರ್ಷ ಸಡಿಲಿಕೆ, 39. ಇಲ್ಲಿ ವಯಸ್ಸು ಲೆಕ್ಕ ಹಾಕುವುದು ಆ ವರ್ಷದ ಜನವರಿ 1ಕ್ಕೆ. ‘02-01ರಿಂದ 01-01ರ ನಡುವೆ ಹುಟ್ಟಿದವರು, ಎರಡೂ ದಿನ ಸೇರಿ’ ಎಂದು ಇಸವಿ ಹಾಕಿ ಬರೆದಿರುತ್ತಾರೆ. ನನಗೆ ಬೇಕಿದ್ದದ್ದು 02-01-1984 ಅಥವಾ ಅದರ ಆಮೇಲಿನ ತಾರೀಕು. ನನ್ನ ಎಸ್.ಎಸ್.ಎಲ್.ಸಿ. ಪುಸ್ತಕದಲ್ಲಿ 01-06-1983.

ಅಮ್ಮನನ್ನು ಕೇಳಿದರೆ ನಾನು ಹುಟ್ಟಿದ್ದು 1984ರ ಪುಯಿಂತೆಲ್ ಎಂಬ ತುಳು ತಿಂಗಳಲ್ಲಿ (ಜನವರಿ-ಫೆಬ್ರವರಿ), ಸಂಕ್ರಾಂತಿ ಕಳೆದು ಎಂಟನೇ ದಿನ. ನಾಲ್ಕೂಕಾಲು ವರ್ಷಕ್ಕೇ ನನ್ನನ್ನು ಅಕ್ಕನ ಜೊತೆ ಶಾಲೆಗೆ ಕಳಿಸಿದ್ದರು, ಮನೆಯಲ್ಲಿ ನೋಡಿಕೊಳ್ಳುವವರಿರಲಿಲ್ಲ. ಐದು ತುಂಬದೆ ಸೇರಿಸಿಕೊಳ್ಳುವ ಹಾಗಿಲ್ಲವೆಂದು ಹೆಡ್‌ಮಾಸ್ಟರು ಲೆಕ್ಕ ಸರಿಮಾಡಿ ಜೂನ್ ಒಂದು ಎಂದು ಬರೆದುಕೊಂಡರು. ಅವರು ಒಳ್ಳೆಯದಕ್ಕೇ ಬರೆದದ್ದು, ನಾನು ಅವರನ್ನು ದೂರುವುದಿಲ್ಲ. ನಮ್ಮ ಪ್ರಾಯದ ಅರ್ಧ ಊರಿಗೆ ಹುಟ್ಟಿದ ದಿನ ಜೂನ್ ಒಂದೇ. ಆದರೆ ಎಂಟು ತಿಂಗಳ ಆ ಸುಳ್ಳಿನಿಂದ ಕೆಲಸದ ಬಾಗಿಲು ಮುಚ್ಚಿತು. ಹಿಂದಿನ ಸಲ ಕರೆದಾಗ ಹಾಕಿದ್ದರೆ ವಯಸ್ಸಿತ್ತು. ಆಗ ನಾನು, ಡಿಗ್ರಿ ಆಗಲಿ, ಆಮೇಲೆ ನೋಡೋಣ ಎಂದುಕೊಂಡು ಪುಸ್ತಕ ಓದುತ್ತಿದ್ದೆ.

ಹಾಗಾಗಿ ನಿಮ್ಮ ಅಕ್ಕನ ಲೆಕ್ಕ ಹೀಗೆ. ಅವರು ಹುಟ್ಟಿ ಬೆಳೆದದ್ದು ಕರ್ನಾಟಕದಲ್ಲಿ, ಅಲ್ಲಿನ ಜಾತಿ ಸರ್ಟಿಫಿಕೇಟ್ ಇಲ್ಲಿ ಮೀಸಲಾತಿಗೆ ನಡೆಯುತ್ತದೆಂದು ನಂಬಿ ಕೂರಬೇಡಿ, ಸಾಮಾನ್ಯ ವರ್ಗವೆಂದೇ ಹಿಡಿಯಿರಿ. ಕ್ಲಾರ್ಕಿಗೆ 36, ಅಂದರೆ ಕೈಯಲ್ಲಿರುವುದು ಎರಡೇ ವರ್ಷ. ಡಿಗ್ರಿ ಬೇಕಾದ ಅಸಿಸ್ಟೆಂಟ್ ಹುದ್ದೆಗಳಿಗೂ ಸಾಮಾನ್ಯವಾಗಿ 36ರ ಮಿತಿಯೇ, ಈಗ ಮೊದಲಿನಿಂದ ಡಿಗ್ರಿ ಶುರು ಮಾಡಿದರೆ ಅವು ಸಿಗುವುದಿಲ್ಲ. ಹೈಸ್ಕೂಲಿನ ಕನ್ನಡ ಅಧ್ಯಾಪಿಕೆಯಾಗಲು 40ರವರೆಗೆ ಅವಕಾಶ. ಅದಕ್ಕೆ ಕನ್ನಡದಲ್ಲಿ ಡಿಗ್ರಿ, ಬಿ.ಎಡ್., ಮೇಲೆ ಕೆ-ಟೆಟ್ ಎಂಬ ಕೇರಳದ ಅಧ್ಯಾಪಕ ಅರ್ಹತಾ ಪರೀಕ್ಷೆ. ಮೂರು ವರ್ಷ ಡಿಗ್ರಿ, ಎರಡು ವರ್ಷ ಬಿ.ಎಡ್., 39ಕ್ಕೆ ಬಂದು ನಿಂತಿತು. ಒಂದು ವರ್ಷವೂ ಫೇಲಾಗುವ ಹಾಗಿಲ್ಲ, ಜೊತೆಗೆ ಆ ವರ್ಷವೇ ಹುದ್ದೆ ಕರೆಯಬೇಕು. ಅದಕ್ಕೇ ಹೇಳುವುದು, ಎಸ್.ಎಸ್.ಎಲ್.ಸಿ. ಸಾಕಾಗುವ ಹುದ್ದೆಗಳಿಗೆಲ್ಲ ಈಗಲೇ ಅರ್ಜಿ ಹಾಕಲಿ, ಓದು ಒಂದು ಕಡೆ ನಡೆಯಲಿ. ಅರ್ಜಿ ಹಾಕಿದರೆ ಮುಗಿಯಲಿಲ್ಲ, ಪರೀಕ್ಷೆಗೆ ಮೊದಲು ಪ್ರೊಫೈಲಿನಲ್ಲಿ ‘ಪರೀಕ್ಷೆ ಬರೆಯುತ್ತೇನೆ’ ಎಂದು ಕನ್ಫರ್ಮೇಶನ್ ಕೊಡಬೇಕು. ಅದನ್ನು ಮರೆತರೆ ಅರ್ಜಿ ತಳ್ಳಿಹೋಗುತ್ತದೆ. ನಮ್ಮ ಕಡೆ ಎಷ್ಟೋ ಹೆಂಗಸರು ಹಾಗೆ ಪರೀಕ್ಷೆ ಕಳೆದುಕೊಂಡಿದ್ದಾರೆ.

ಇನ್ನು ಡಿಗ್ರಿ ಎಲ್ಲಿ ಮಾಡಬೇಕು ಎಂಬುದು. ಇಲ್ಲಿನ ವಿಜ್ಞಾಪನೆಗಳಲ್ಲಿ ‘ಕೇರಳದ ವಿಶ್ವವಿದ್ಯಾಲಯಗಳು ನೀಡಿದ ಅಥವಾ ಅಂಗೀಕರಿಸಿದ’ ಪದವಿ ಎಂಬ ಮಾತು ಬರುತ್ತದೆ. ನನ್ನ ಮೈಸೂರಿನ ಡಿಗ್ರಿ ಹಿಡಿದು ಹೋದಾಗ ಒಂದು ಕಚೇರಿಯವರು ತುಲ್ಯತೆಯ (ಇಲ್ಲಿನ ಡಿಗ್ರಿಗೆ ಸಮ ಎಂಬ) ಪತ್ರ ತನ್ನಿ ಎಂದರು, ಇನ್ನೊಂದು ಕಚೇರಿಯವರು ಬೇಡ ಎಂದರು, ಮೊದಲಿನವರು ಮತ್ತೆ ಬೇಕೆಂದರು. ಐದು ತಿಂಗಳು ಅದರಲ್ಲೇ ಹೋಯಿತು. ಇನ್ನೊಂದು ತೊಡಕು: ಕರ್ನಾಟಕದ ಬಿ.ಎ. ಎಂದರೆ ಮೂರು ಐಚ್ಛಿಕ ವಿಷಯ, ಕೇರಳದಲ್ಲಿ ಒಂದೇ ಮುಖ್ಯ ವಿಷಯ. “ನಿಮ್ಮ ಮೇನ್ ಯಾವುದು?” ಎಂದು ಕೇಳಿದಾಗ ಮೂರೂ ಎಂದರೆ ಅವರಿಗೆ ಅರ್ಥವಾಗುವುದಿಲ್ಲ. ಅಧ್ಯಾಪಿಕೆಯಾಗುವ ಆಸೆ ಗಟ್ಟಿಯಿದ್ದರೆ ಕಾಸರಗೋಡು ಸರಕಾರಿ ಕಾಲೇಜನ್ನು ವಿಚಾರಿಸಲಿ. 1957ರಲ್ಲಿ ಶುರುವಾದ ಕಾಲೇಜು, ಕನ್ನಡ ವಿಭಾಗ ಇದೆ, ಕಣ್ಣೂರು ವಿಶ್ವವಿದ್ಯಾಲಯದ ಸರ್ಟಿಫಿಕೇಟು ಕೇರಳದಲ್ಲಿ ಎಲ್ಲೂ ಪ್ರಶ್ನೆಯಾಗುವುದಿಲ್ಲ. ಹದಿನೆಂಟರ ಮಕ್ಕಳ ನಡುವೆ ಕೂರಲು ನಾಚಿಕೆ ಬೇಡ, ಆ ಮಕ್ಕಳು ಚೇಚಿ, ಅಕ್ಕ ಎಂದು ಕರೆದು ನೋಟ್ಸು ಕೊಡುತ್ತಾರೆ. ದಿನಾ ಹೋಗಲಾಗದಿದ್ದರೆ ಇಗ್ನೋ ಇದೆ, 2020ರಲ್ಲಿ ಶುರುವಾದ ಕೊಲ್ಲಂನ ಶ್ರೀ ನಾರಾಯಣಗುರು ಮುಕ್ತ ವಿಶ್ವವಿದ್ಯಾಲಯ ಇದೆ.

ಮಂಗಳೂರಿನಲ್ಲಿ ಕೆಲಸ ನೋಡಬಹುದಲ್ಲ ಎಂದೂ ಕೇಳಿದ್ದೀರಿ. ಮಂಜೇಶ್ವರದ ಕಡೆಯವರಿಗೆ ಸುಲಭ, ಬೆಳಿಗ್ಗೆಯ ರೈಲಿನಲ್ಲಿ ಅಂಗಡಿ, ಆಸ್ಪತ್ರೆ ಕೆಲಸಕ್ಕೆ ಎಷ್ಟೋ ಜನ ಹೋಗಿ ಬರುತ್ತಾರೆ. ಬದಿಯಡ್ಕದಿಂದ ಎರಡು ಬಸ್ಸು ಹಿಡಿದು ಹೋದರೆ ಸಂಬಳದ ದೊಡ್ಡ ಪಾಲು ಟಿಕೆಟಿಗೇ ಬೇಕು. ಕರ್ನಾಟಕದಲ್ಲಿ 2023ರಿಂದ ಹೆಂಗಸರಿಗೆ ಸರಕಾರಿ ಬಸ್ಸು ಉಚಿತ, ಆದರೆ ಅದು ಕರ್ನಾಟಕದ ವಿಳಾಸದವರಿಗೆ. ನಮ್ಮ ಆಧಾರಿನಲ್ಲಿ ಕೇರಳ. ಕಂಡಕ್ಟರ ಹತ್ತಿರ ಕನ್ನಡದಲ್ಲಿ ಮಾತಾಡಿ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಳ್ಳುವಾಗ ಮನಸ್ಸಿಗೆ ಒಂಥರಾ ಆಗುತ್ತದೆ.

ನನಗೆ ಕೊನೆಗೆ ಏನಾಯಿತು ಎಂದರೆ, ಅರ್ಜಿ ಹಾಕಲು ಹೋಗುತ್ತಿದ್ದ ಅಕ್ಷಯ ಕೇಂದ್ರದಲ್ಲೇ ಕೆಲಸ ಸಿಕ್ಕಿತು. ಕನ್ನಡ ಮಾತ್ರ ಬಲ್ಲ ಹಿರಿಯರು ಬಂದಾಗ ಅಲ್ಲಿದ್ದವರು ನನ್ನನ್ನು, “ಸ್ವಲ್ಪ ಇದು ಓದಿ ಹೇಳಿ ಚೇಚಿ” ಎಂದು ಕರೆಯುತ್ತಿದ್ದರು. ಒಂದು ದಿನ ಪೆರ್ಲದ ಕಡೆಯ ಅಜ್ಜರೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಒಂದು ಹಳೇ ದಸ್ತಾವೇಜು ತಂದರು, 1930ರ ದಶಕದ್ದು. ಮಡಿಚಿದ ಗೆರೆಯಲ್ಲಿ ಕಾಗದ ಬಿರಿದಿತ್ತು, ಶಾಯಿ ಕಂದಾಗಿತ್ತು. ಎಲ್ಲವೂ ಕೈಬರಹದ ಕನ್ನಡ, ಒಂದಕ್ಕೊಂದು ಅಂಟಿದ ಅಕ್ಷರ. ತೆಕ್ಕಿನಿಂದ (ಕೇರಳದ ದಕ್ಷಿಣದ ಕಡೆಯಿಂದ) ವರ್ಗವಾಗಿ ಬಂದ ಅಧಿಕಾರಿಗಳಿಗೆ ಅದನ್ನು ಓದಲಾಗದೆ ಅಜ್ಜರ ಜಾಗದ ವಿಷಯ ನಿಂತುಹೋಗಿತ್ತು. ನಾನು ಬೆರಳಿಟ್ಟು ಓದುತ್ತಾ ಹೋದೆ. ಮೂಲಗೇಣಿ (ಶಾಶ್ವತ ಗೇಣಿ), ಚತುಸ್ಸೀಮೆ, ಪೂರ್ವಕ್ಕೆ ತೋಡು, ಪಶ್ಚಿಮಕ್ಕೆ ಹಳೇ ಕಟ್ಟಪುಣಿ (ಗದ್ದೆಯ ಬದು). ಅಜ್ಜರು “ಹೌದು ಹೌದು, ಆ ಕಟ್ಟಪುಣಿ ಈಗಲೂ ಉಂಟು” ಎಂದು ಎದ್ದು ನಿಂತುಬಿಟ್ಟರು. ನಾನು ಅದನ್ನು ಮಲಯಾಳದಲ್ಲಿ ಬರೆದು ಕೊಟ್ಟೆ. ಆಮೇಲೆ ಪೇಟೆಯ ಆಧಾರ (ಜಾಗದ ದಸ್ತಾವೇಜು) ಬರೆಯುವವರೂ ಇಂಥ ಕಾಗದ ಬಂದರೆ ನನಗೆ ಫೋನು ಮಾಡುತ್ತಾರೆ, ಪುಟಕ್ಕೆ ಇಷ್ಟು ಎಂದು ಕೊಡುತ್ತಾರೆ. ಅಕ್ಷಯದ ಸಂಬಳವೂ ಇದೂ ಸೇರಿ ಬೀಡಿಯಲ್ಲಿ ಬರುತ್ತಿದ್ದ ದುಡ್ಡಿನ ಮೂರು ಪಟ್ಟು ಬರುತ್ತದೆ. ಹಳೆಗನ್ನಡ ಓದಿ ಅಭ್ಯಾಸವಾದ ಕಣ್ಣು ಇಲ್ಲದಿದ್ದರೆ ನನಗೆ ಆ ಅಕ್ಷರ ಹಿಡಿಯುತ್ತಿರಲಿಲ್ಲ.

ಇದು ನಿಮ್ಮ ಅಕ್ಕನಿಗೂ ಆಗುತ್ತದೆ, ಆದರೆ ಮಲಯಾಳ ಓದಲು, ಬರೆಯಲು ಕಲಿಯಲೇಬೇಕು. ಮಾತಾಡಲು ಬಂದರೆ ಸಾಲದು. ಮಕ್ಕಳ ಒಂದನೇ ಕ್ಲಾಸಿನ ಪುಸ್ತಕ ಹಿಡಿದರೆ ಆರು ತಿಂಗಳು ಸಾಕು, ಲಿಪಿ ದುಂಡಗಿದೆ, ನಮ್ಮದಕ್ಕೆ ದೂರವಲ್ಲ. ನಾನು ಬಸ್ಸಿನ ಬೋರ್ಡು ಓದುತ್ತಾ ಕಲಿತೆ. ಕನ್ನಡ ಬಿಟ್ಟುಕೊಟ್ಟ ಹಾಗಾಗುತ್ತದೆ ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ ಕೇಳಬೇಡಿ. ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ಬಾರದ ಅಧ್ಯಾಪಕರು ಬಂದಾಗ ಇಲ್ಲಿನ ತಂದೆತಾಯಿಯರು ಶಾಲೆಯ ಮುಂದೆ ಕೂತು ಹೋರಾಡಿದ್ದಾರೆ, ಕೋರ್ಟಿಗೂ ಹೋಗಿದ್ದಾರೆ. ಆ ಜಾಗಗಳಿಗೆ ಎರಡೂ ಭಾಷೆ ಬಲ್ಲ ನಮ್ಮವರೇ ಹೋಗಿ ಕೂರಬೇಕು.

ಅಕ್ಕನನ್ನು ನನ್ನ ಹತ್ತಿರ ಕಳಿಸಿ. ಭಾನುವಾರ ಬಿಟ್ಟು ಯಾವ ದಿನವಾದರೂ ಬರಲಿ, ಹನ್ನೊಂದು ಗಂಟೆ ಕಳೆದ ಮೇಲೆ ರಶ್ಶು ಕಡಿಮೆ. ಆಧಾರ್ ಕಾರ್ಡು, ಒಂದು ಫೋಟೋ, ನಿಂತ ಆ ಎರಡು ವರ್ಷದ ಅಂಕಪಟ್ಟಿ ತರಲಿ. ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡು ಮಾತ್ರ ಮರೆಯಬಾರದು, ಮೊದಲು ಅದರಲ್ಲಿ ಹುಟ್ಟಿದ ತಾರೀಕು ಏನಿದೆ ನೋಡೋಣ.