ಅಮೆರಿಕನ್ ಕಾಲೇಜು ಫುಟ್‌ಬಾಲ್‌ನಲ್ಲಿ ಗಡಿಯಾರದ ನಿಯಮ ಬದಲಾದದ್ದರಿಂದ ಆಟಕ್ಕೆ ಏನಾಯಿತು?

ಅಮೆರಿಕದ ಕಾಲೇಜು ಪಂದ್ಯಗಳಲ್ಲಿ 2022ರವರೆಗೆ ಪ್ರತಿ ಫಸ್ಟ್ ಡೌನ್‌ಗೂ (ತಂಡ 10 ಗಜ ಮುಂದೆ ಸಾಗಿ ಹೊಸದಾಗಿ 4 ಯತ್ನ ಗಳಿಸಿದಾಗ) ಗಡಿಯಾರ ನಿಲ್ಲುತ್ತಿತ್ತು. ರೆಫರಿ ಸನ್ನೆ ಕೊಟ್ಟ ಮೇಲೆಯೇ ಮತ್ತೆ ಓಡುತ್ತಿತ್ತು. 2023ರಿಂದ ಕಾಲೇಜು ಆಟದ ಮೇಲಿನ ಎರಡು ದರ್ಜೆಗಳಾದ ಡಿವಿಜನ್ 1 ಮತ್ತು 2ರಲ್ಲಿ ಈ ನಿಲುಗಡೆ ಪ್ರತಿ ಅರ್ಧದ ಕೊನೆಯ 2 ನಿಮಿಷಕ್ಕೆ ಮಾತ್ರ.

ಒಂದೊಂದು ನಿಲುಗಡೆ ಕೆಲವೇ ಸೆಕೆಂಡು. ಆದರೆ ಎರಡೂ ತಂಡ ಸೇರಿ ಪಂದ್ಯಕ್ಕೆ 40ರ ಆಸುಪಾಸು ಫಸ್ಟ್ ಡೌನ್ ಆಗುವುದರಿಂದ, ಈಗ ನಿಲ್ಲದೆ ಓಡುವ ಆ ಸೆಕೆಂಡುಗಳು ಕೂಡಿ ಪ್ಲೇಗಳ, ಅಂದರೆ ಚೆಂಡು ಆಡುವ ಯತ್ನಗಳ, ಸಂಖ್ಯೆ ತಗ್ಗುತ್ತದೆ. ಜಾಹೀರಾತು ಮಾತ್ರ ಹಾಗೇ ಇದೆ, ಟಿವಿ ಮುಂದೆ ಕೂತವರಿಗೆ ದೊಡ್ಡ ಉಳಿತಾಯವೇನಿಲ್ಲ!

ಹೆಚ್ಚು ಲಾಭ ಮುನ್ನಡೆಯಲ್ಲಿದ್ದು ಚೆಂಡು ಹಿಡಿದು ಓಡುವ ತಂಡಕ್ಕೆ: ಮುಂದಿನ ಪ್ಲೇ ಶುರುಮಾಡಲು ಇರುವ 40 ಸೆಕೆಂಡಿನ ಗಡುವನ್ನು (ಪ್ಲೇ ಕ್ಲಾಕ್) ಪೂರ್ತಿ ಕರಗಿಸಬಹುದು. ಹಿಂದೆ ಬಿದ್ದವರು ಟೈಮ್‌ಔಟ್ ಉಳಿಸಿಕೊಳ್ಳಬೇಕು. ಗಡಿಯಾರ ನಿಲ್ಲಿಸಲು ಮೈದಾನದ ಗೆರೆಯಾಚೆ ಓಡಿದರೂ ಕೊನೆಯ 2 ನಿಮಿಷಕ್ಕೆ ಮುಂಚೆ ರೆಫರಿಯ ಸನ್ನೆಗೇ ಗಡಿಯಾರ ಮತ್ತೆ ಶುರು. ಅರ್ಧದಲ್ಲಿ 2 ನಿಮಿಷ ಉಳಿದಾಗ ಕೊಡುವ, 2024ರಲ್ಲಿ ಬಂದ ಕಡ್ಡಾಯ ವಿರಾಮ ಅವರಿಗೆ ಪುಕ್ಕಟೆ ಟೈಮ್‌ಔಟ್ ಇದ್ದಂತೆ.